ಕಾಡುಗೆಡ್ಡೆ ಮತ್ತು ವಿಷಗೆಡ್ಡೆ: ಗುರುತು ತಪ್ಪುವುದು ಎಲ್ಲಿ?

ಕೋರಿಕೆ: ಕಾಡಿನ ಗೆಡ್ಡೆ, ಸೊಪ್ಪುಗಳನ್ನು ಗುರುತಿಸಲು ಈಗಷ್ಟೇ ಕಲಿಯುತ್ತಿದ್ದೇನೆ. ತಿನ್ನುವಂಥವನ್ನೇ ಹೋಲುವ ವಿಷದ ಗಿಡಗಳನ್ನು ನೀವು ಹೇಗೆ ಬೇರೆ ಮಾಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾನು ಮೋಸಹೋಗುವುದರಲ್ಲಿದ್ದದ್ದು ಅಗ್ನಿಶಿಖೆಯ ಗೆಡ್ಡೆಯಿಂದ. ಗೌರಿ ಹೂವು ಎಂದೂ ಕರೆಯುವ ಈ ಬಳ್ಳಿ ಕೆಂಪು-ಹಳದಿ ಹೂ ಬಿಟ್ಟಿರುವಾಗ ಯಾರ ಕಣ್ಣಿಗೂ ತಪ್ಪುವುದಿಲ್ಲ; ಆದರೆ ನೆಲದ ಮೇಲಿನ ಭಾಗವೆಲ್ಲ ಒಣಗಿ ಗೆಡ್ಡೆಯೊಂದೇ ಉಳಿದ ಬೇಸಗೆಯಲ್ಲಿ, ಅದನ್ನು ಕಾಡುಗೆಣಸೆಂದೇ ನಂಬಿ ಅಗೆದು ತಂದು ತೊಳೆಯಲು ಕುಳಿತಿದ್ದೆ. ಗೆಡ್ಡೆ ಎರಡು ಕವಲಾಗಿ ಬಾಗಿದ್ದನ್ನು ಕಂಡು ಅನುಮಾನ ಹುಟ್ಟಿತು. ಮಣ್ಣಿನೊಂದಿಗೆ ಬಂದಿದ್ದ ಒಣ ಎಲೆಯ ತುದಿ ಎಳೆಯಂತೆ ಸುರುಳಿ ಸುತ್ತಿಕೊಂಡಿದ್ದನ್ನು ನೋಡಿದ ಮೇಲೆ ಅನುಮಾನವೂ ಉಳಿಯಲಿಲ್ಲ. ಅಗ್ನಿಶಿಖೆ ಎಲೆಯ ತುದಿಯಿಂದಲೇ ಆಸರೆ ಹಿಡಿಯುತ್ತದೆ, ಎಲೆಯ ನರಗಳು ಒಂದರ ಪಕ್ಕ ಒಂದು ಸಾಲಾಗಿ ಸಾಗುತ್ತವೆ. ಗೆಣಸಿನ ಬಳ್ಳಿಯಾದರೋ ಕಾಂಡದಿಂದಲೇ ಸುತ್ತಿಕೊಂಡು ಏರುತ್ತದೆ, ಅದರ ಎಲೆಯ ನರಗಳ ನಡುವೆ ಬಲೆಯಂಥ ಹೆಣಿಗೆ ಇರುತ್ತದೆ. ಅಗ್ನಿಶಿಖೆಯಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ-ಭೇದಿ ಆರಂಭವಾಗುವುದಕ್ಕೇ ಕೆಲವು ಗಂಟೆಗಳು ಹಿಡಿಯುವುದರಿಂದ, ಚೂರು ತಿಂದು ಸ್ವಲ್ಪ ಹೊತ್ತು ಕಾದು ನೋಡುವ ಪರೀಕ್ಷೆಯನ್ನು ಖಂಡಿತ ಮಾಡಬೇಡಿ. ಅಂದಿನಿಂದ ನಾನು ಹಸಿರಿರುವಾಗಲೇ ಗುರುತಿಸಿ ದಾರ ಕಟ್ಟಿಟ್ಟ ಬಳ್ಳಿಗಳನ್ನಷ್ಟೇ ಅಗೆಯುತ್ತೇನೆ.

ಎರಡನೆಯ ಉತ್ತರ: ಕಾಡುಗೆಣಸು ಎಂಬ ಹೆಸರೇ ಧೈರ್ಯ ಕೊಡಬಾರದು ಎಂದು ಸೇರಿಸುತ್ತೇನೆ. ಮುಳ್ಳುಕಾಂಡದ, ಮೂರೆಲೆಯ ಡಯಾಸ್ಕೋರಿಯಾ ಹಿಸ್ಪಿಡಾ ಎಂಬ ಕಾಡುಗೆಣಸಿನ ಗೆಡ್ಡೆ ವಿಷಕಾರಿ. ತಿನ್ನಲು ಬಳಸುವ ಡಯಾಸ್ಕೋರಿಯಾ ಪೆಂಟಾಫಿಲ್ಲಾ ಬಳ್ಳಿಗೆ ಸಾಮಾನ್ಯವಾಗಿ ಐದೆಲೆ. ಆದರೆ ಐದೆಲೆಯ ಬಳ್ಳಿಯಲ್ಲೂ ಅಲ್ಲಲ್ಲಿ ಮೂರೆಲೆ ಕಾಣಿಸಿಕೊಳ್ಳುವುದುಂಟು, ಮುಳ್ಳೂ ಇರಬಹುದು. ಆದ್ದರಿಂದ ಒಂದೆರಡು ಎಲೆ ಎಣಿಸಿ ತೀರ್ಮಾನಕ್ಕೆ ಬರದೆ, ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿ, ಬಲ್ಲವರಿಗೆ ಕಣ್ಣಾರೆ ತೋರಿಸಬೇಕು. ಫೋಟೊ ಸಾಲದು.

ಮೂರನೆಯ ಉತ್ತರ: ಮಕ್ಕಳು ಜೊತೆಗಿದ್ದರೆ ಬೀಜಗಳ ಕಡೆಗೂ ಗಮನವಿರಲಿ. ಮಂಜಾಡಿ ಮರದ ಬೀಜ ಪೂರ್ತಿ ಕೆಂಪು. ಬಳ್ಳಿಯಲ್ಲಿ ಬಿಡುವ ಗುಲಗಂಜಿಗೆ ಕಪ್ಪು ಮಚ್ಚೆ ಇರುತ್ತದೆ. ಮಚ್ಚೆಯನ್ನೊಂದೇ ನಂಬಬೇಡಿ, ಏಕೆಂದರೆ ಬಿಳಿ ಗುಲಗಂಜಿಯೂ ಇದೆ, ಅದೂ ವಿಷವೇ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದ್ದಕ್ಕಿಂತ ಅಗಿದದ್ದು ಹೆಚ್ಚು ಅಪಾಯ. ಏನನ್ನು ತಿಂದಿದ್ದರೂ ಲಕ್ಷಣ ಕಾಣಿಸಲೆಂದು ಕಾಯಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಉಳಿದ ಬೀಜ, ಕಾಯಿ, ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಕೂಡಲೇ ವೈದ್ಯರ ಬಳಿಗೆ ಹೋಗಿ.