ಹೊಸ ವಿಎಲ್‌ಸಿಯಲ್ಲಿ ಶೌಟ್‌ಕಾಸ್ಟ್ ರೇಡಿಯೊ ಪಟ್ಟಿ ಇಲ್ಲ, ಬೇರೆ ದಾರಿ ಏನಿದೆ?

ಪ್ರಶ್ನೆ, ಮಾದಾಪುರದಿಂದ: ಗುಡ್ಡ ಅಡ್ಡ ಇರುವುದರಿಂದ ನಮ್ಮಲ್ಲಿ ಎಫ್‌ಎಂ ಸರಿಯಾಗಿ ಸಿಗಲ್ಲ. ಕಂಪ್ಯೂಟರ್‌ನಲ್ಲಿ ಹಾಡು, ವಿಡಿಯೊ ಹಾಕುವ ವಿಎಲ್‌ಸಿ ಪ್ಲೇಯರ್‌ನ ಹಳೇ ಆವೃತ್ತಿಯಲ್ಲಿ ಶೌಟ್‌ಕಾಸ್ಟ್ ಅಂತ ದೊಡ್ಡ ಇಂಟರ್ನೆಟ್ ರೇಡಿಯೊ ಪಟ್ಟಿ ಇತ್ತು, ಹೊಸದರಲ್ಲಿ ಕಾಣ್ತಿಲ್ಲ. ಮಳೆಗಾಲದಲ್ಲಿ ನೆಟ್ ಬೇರೆ ಆಗಾಗ ಹೋಗುತ್ತೆ. ಹೋಂಸ್ಟೇ ಹಾಲ್‌ನಲ್ಲೂ ಹಾಕಬೇಕು ಅಂತಿದೆ. ತಿಳಿದವರು ಹೇಳಿ.

ಮಡಿಕೇರಿಯಿಂದ: ಅಣ್ಣ, ನಿಮ್ಮ ವಿಎಲ್‌ಸಿ ಕೆಟ್ಟಿಲ್ಲ. ಆ ಪಟ್ಟಿಯನ್ನು 2010ರಲ್ಲೇ ತೆಗೆದರು. ಶೌಟ್‌ಕಾಸ್ಟ್ ಆಗ ಎಒಎಲ್ ಕಂಪನಿಯ ಕೈಯಲ್ಲಿತ್ತು. ಅವರ ಪರವಾನಗಿ ಒಪ್ಪಿದರೆ ಅವರ ಟೂಲ್‌ಬಾರನ್ನೂ ಪ್ಲೇಯರ್ ಜೊತೆ ಸೇರಿಸಬೇಕಿತ್ತು, ಷರತ್ತುಗಳು ವಿಎಲ್‌ಸಿಯ ಮುಕ್ತ ಪರವಾನಗಿಯಾದ ಜಿಪಿಎಲ್‌ಗೆ ಹೊಂದುತ್ತಿರಲಿಲ್ಲ ಅಂತ ವಿಎಲ್‌ಸಿ ತಯಾರಿಸುವ ವಿಡಿಯೊಲ್ಯಾನ್ ತಂಡ ಹೇಳಿತು. ಜಿಪಿಎಲ್ ಇರುವ ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದು. ಅದರ ಮೇಲೆ ಇನ್ನೊಂದು ನಿರ್ಬಂಧ ಹೇರುವ ಹಾಗಿಲ್ಲ. ಹಾಗಾಗಿ ತೆಗೆದದ್ದೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಹೋದದ್ದು ಪಟ್ಟಿ ಮಾತ್ರ, ರೇಡಿಯೊ ಅಲ್ಲ. ಸ್ಟೇಷನ್ನಿನ ವಿಳಾಸ ಕೈಯಲ್ಲಿದ್ದರೆ ಅದೇ ಶೌಟ್‌ಕಾಸ್ಟ್ ಸ್ಟೇಷನ್ ಈಗಲೂ ವಿಎಲ್‌ಸಿಯಲ್ಲಿ ಹಾಡುತ್ತೆ.

ಗೋಣಿಕೊಪ್ಪದಿಂದ: ವಿಳಾಸ ಹುಡುಕೋಕೆ ರೇಡಿಯೊ ಬ್ರೌಸರ್ ಅನ್ನುವ ವೆಬ್‌ಸೈಟ್ ನೋಡಿ. ಜನರೇ ಸೇರಿ ಕಟ್ಟಿದ ಪಟ್ಟಿ, ಮಾಹಿತಿ ಸಾರ್ವಜನಿಕ ಸ್ವತ್ತು, ಅದಕ್ಕೇ ಪರವಾನಗಿ ತಕರಾರಿಲ್ಲ. ಫೋನಿಗೆ ರೇಡಿಯೊಡ್ರಾಯ್ಡ್ ಆ್ಯಪ್, ಲಿನಕ್ಸ್‌ಗೆ ಶಾರ್ಟ್‌ವೇವ್ ಆ್ಯಪ್, ಎರಡೂ ಇದೇ ಪಟ್ಟಿಯಿಂದ ತೆಗೆದುಕೊಳ್ಳುತ್ತವೆ. ಭಾಷೆ ಕನ್ನಡ ಅಂತ ಆರಿಸಿ ಹುಡುಕಿ.

ವಿಎಲ್‌ಸಿಯಲ್ಲಿ ಕಂಟ್ರೋಲ್-ಎನ್ ಒತ್ತಿ ವಿಳಾಸ ಅಂಟಿಸಿ. ಕೆಲವು ಸೈಟ್‌ಗಳು ಪಿಎಲ್‌ಎಸ್ ಫೈಲ್ ಕೊಡುತ್ತವೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಾಲ್ಕೈದು ಸಾಲು ಅಷ್ಟೆ: ‘ಫೈಲ್1’ ಅನ್ನುವ ಸಾಲಿನಲ್ಲಿ ಸಮ ಚಿಹ್ನೆಯ ಆಚೆ ಇರುವುದೇ ನಿಜವಾದ ವಿಳಾಸ, ‘ಟೈಟಲ್1’ ಸಾಲಿನಲ್ಲಿ ಹೆಸರು. ಒಂದು ಸ್ಟೇಷನ್ ಹಾಡುತ್ತಿರುವಾಗ ಕಂಟ್ರೋಲ್-ಜೆ ಒತ್ತಿದರೆ ಕೆಳಗಡೆ ಲೊಕೇಶನ್ ಬಾಕ್ಸ್‌ನಲ್ಲೂ ವಿಳಾಸ ಕಾಣುತ್ತೆ, ಕಾಪಿ ಮಾಡಿಕೊಳ್ಳಿ.

ಬೇಕಾದ್ದೆಲ್ಲ ಸೇರಿಸಿದ ಮೇಲೆ ಕಂಟ್ರೋಲ್-ವೈ ಒತ್ತಿ ಸೇವ್ ಮಾಡಿ. ಫೈಲಿನ ಬಗೆಯಾಗಿ ಎಂ3ಯು8 ಅಥವಾ ಎಕ್ಸ್‌ಎಸ್‌ಪಿಎಫ್ ಆರಿಸಿ. ಬರೀ ಎಂ3ಯು ಆದರೆ ಕನ್ನಡ ಹೆಸರುಗಳು ಕಲಸಿಹೋಗಬಹುದು. ಆ ಫೈಲನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಇನ್ನೊಬ್ಬರ ಪಟ್ಟಿ ಯಾವತ್ತು ಮುಚ್ಚಿದರೂ ನಿಮ್ಮದು ಉಳಿಯುತ್ತೆ.

ಸೋಮವಾರಪೇಟೆಯಿಂದ: ನೆಟ್ ವಿಷಯಕ್ಕೆ ಬರ್ತೇನೆ, ನಮ್ಮ ಕಡೆ ಅದೇ ದೊಡ್ಡ ತಲೆನೋವು. 128 ಕೆಬಿಪಿಎಸ್ (ಸೆಕೆಂಡಿಗೆ ಬರುವ ಡೇಟಾದ ಅಳತೆ) ಸ್ಟೇಷನ್ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತೆ, 64 ಆದರೆ 29. ಮಾತು, ವಾರ್ತೆಗೆ 64 ಸಾಕು, ಜೋರು ಮಳೆಯ ಆಟಿ ತಿಂಗಳಲ್ಲಂತೂ ಅದನ್ನೇ ಹಿಡಿಯಿರಿ.

ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್ ತೆರೆದು ಕೆಳಗೆ ‘ಆಲ್’ ಒತ್ತಿ. ಇನ್‌ಪುಟ್/ಕೋಡೆಕ್ಸ್ ಪುಟದ ಕೊನೆಯಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ (ಮೊದಲೇ ತುಂಬಿಟ್ಟುಕೊಳ್ಳುವ ಸ್ಟ್ರೀಮ್) 1000 ಮಿಲಿಸೆಕೆಂಡ್ ಇರುತ್ತೆ, 10000 ಮಾಡಿ. ಶುರುವಾಗೋದು ಸ್ವಲ್ಪ ತಡ ಆಗುತ್ತೆ, ಆದರೆ ಸಣ್ಣ ಪುಟ್ಟ ತಡೆ ಕಿವಿಗೆ ಬೀಳಲ್ಲ. ಅಲ್ಲೇ ಆಕ್ಸೆಸ್ ಮಾಡ್ಯೂಲ್ಸ್, ಎಚ್‌ಟಿಟಿಪಿ(ಎಸ್) ಒಳಗೆ ‘ಆಟೊ ರೀಕನೆಕ್ಟ್’ಗೆ ಟಿಕ್ ಹಾಕಿ. ಕರೆಂಟ್ ಹೋಗಿ ರೂಟರ್ ಮತ್ತೆ ಎದ್ದರೆ ಹಳೇ ಸಂಪರ್ಕ ಸತ್ತಿರುತ್ತೆ. ಪ್ಲೇಯರ್‌ಗೆ ಅದು ಗೊತ್ತಾಗದೆ ಸುಮ್ಮನೆ ಕೂತಿರುತ್ತೆ. ಟಿಕ್ ಜೊತೆ ಲೂಪ್ ಬಟನ್ನೂ ಆನ್ ಇರಲಿ, ಸ್ಟ್ರೀಮ್ ನಿಂತರೆ ತಾನೇ ಮತ್ತೆ ಪ್ರಯತ್ನಿಸುತ್ತೆ.

ವಿಳಾಸದ ಕೊನೆಯಲ್ಲಿ ಎಂ3ಯು8 ಇದ್ದರೆ ಅದು ಸಾಮಾನ್ಯವಾಗಿ ಎಚ್‌ಎಲ್‌ಎಸ್ ಅನ್ನುವ ಬಗೆಯ ಸ್ಟ್ರೀಮ್, ಸಣ್ಣ ಸಣ್ಣ ತುಂಡಾಗಿ ಬರುತ್ತೆ. ಅದಕ್ಕೆ ಅದೇ ಪ್ರಿಫರೆನ್ಸಸ್‌ನಲ್ಲಿ ಡೀಮಕ್ಸರ್ಸ್, ಅಡಾಪ್ಟಿವ್ ಒಳಗೆ ಲಾಜಿಕ್ ಅನ್ನು ‘ಲೋಯೆಸ್ಟ್’ಗೆ ಇಟ್ಟರೆ ಕಡಿಮೆ ನೆಟ್‌ನಲ್ಲೂ ಓಡುತ್ತೆ.

ವಿರಾಜಪೇಟೆಯಿಂದ: ಹೋಂಸ್ಟೇ ಮಾತು ಯಾರೂ ಎತ್ತಲಿಲ್ಲ. ಜಿಪಿಎಲ್ ಪ್ಲೇಯರ್‌ಗೆ ಕೊಟ್ಟ ಅನುಮತಿ, ಹಾಡಿಗಲ್ಲ. ಪ್ಲೇಯರ್ ಉಚಿತ ಅಂದಮಾತ್ರಕ್ಕೆ ಅತಿಥಿಗಳಿಗೆ ಹಾಡು ಹಾಕುವ ಹಕ್ಕು ಬರಲ್ಲ. ಕೃತಿಸ್ವಾಮ್ಯ ಕಾಯ್ದೆಯ 2(ಎಫ್‌ಎಫ್) ವಿವರಣೆಯಲ್ಲಿ ಹೋಟೆಲ್ ಕೋಣೆಗಳಿಗೆ ಒಟ್ಟಿಗೆ ಪ್ರಸಾರ ಮಾಡುವುದೂ ಸಾರ್ವಜನಿಕರಿಗೆ ತಲುಪಿಸಿದಂತೆಯೇ ಅಂತಿದೆ. ಪರವಾನಗಿ ಕೊಡುವ ಸಂಸ್ಥೆಗಳು ಎರಡು: ಧ್ವನಿಮುದ್ರಣಕ್ಕೆ ಪಿಪಿಎಲ್, ಸಾಹಿತ್ಯ–ಸಂಗೀತಕ್ಕೆ ಐಪಿಆರ್‌ಎಸ್. ಹಾಲ್‌ನಲ್ಲಿ ಹಾಕುವ ಮೊದಲೇ ಎರಡೂ ಕಡೆ ದರ ಕೇಳಿಬಿಡಿ. ಮನೆಯವರಷ್ಟೇ ಅಡುಗೆಮನೆಯಲ್ಲಿ ಕೇಳೋದಾದರೆ ಇದ್ಯಾವುದೂ ಬೇಡ.

ಇನ್ನೊಂದು. ಖಾಸಗಿ ಎಫ್‌ಎಂ ಹೆಸರಿನ ಸ್ಟ್ರೀಮ್‌ಗಳು ಇವತ್ತಿದ್ದು ನಾಳೆ ಮಾಯ ಆದರೆ ಸೆಟ್ಟಿಂಗ್ ಕೆದಕುತ್ತಾ ಕೂರಬೇಡಿ. ರೇಡಿಯೊದವರು ನಿಗದಿತ ದರ ಕಟ್ಟಿ ಹಾಡು ಬಳಸುವ, ಅದೇ ಕಾಯ್ದೆಯ 31ಡಿ ಕಲಂ ಇಂಟರ್ನೆಟ್‌ಗೆ ಅನ್ವಯಿಸಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಅಂದರೆ ನೆಟ್‌ನಲ್ಲಿ ಹಾಡು ಬಿಡಲು ಹಕ್ಕುದಾರರ ಜೊತೆ ಬೇರೆಯೇ ಒಪ್ಪಂದ ಬೇಕು. ಮೊದಲು ಆ ಸ್ಟೇಷನ್ನಿನ ಸ್ವಂತ ವೆಬ್‌ಸೈಟಿನಲ್ಲಿ ಓಡುತ್ತಾ ನೋಡಿ. ಅಲ್ಲೂ ಇಲ್ಲ ಅಂದರೆ ನಿಮ್ಮ ಪಟ್ಟಿಯಿಂದ ಅಳಿಸಿ.