ಮೊದಲ ರವಾನೆ: ಮೊದಲು ಮಾಲೋ, ಮೊದಲು ದುಡ್ಡೋ?

ಕಡಲಾಚೆ (ಪ್ರಶ್ನೆ):
ಕೊಳ್ಳುವವರು ಒಂದು ಖಂಡದಲ್ಲಿ, ಮಾರುವವರು ಇನ್ನೊಂದರಲ್ಲಿ. ಭಾಷೆ ಬೇರೆ, ಕಾನೂನು ಬೇರೆ, ಹಿಂದಿನ ವಹಿವಾಟು ಸೊನ್ನೆ. ಒಬ್ಬರು “ದುಡ್ಡು ಬಂದ ಮೇಲೆ ಮಾಲು” ಅಂತಾರೆ, ಇನ್ನೊಬ್ಬರು “ಮಾಲು ನೋಡಿದ ಮೇಲೆ ದುಡ್ಡು” ಅಂತಾರೆ. ಎಲ್‌ಸಿ (ಷರತ್ತಿನಂತೆ ದಾಖಲೆ ಒಪ್ಪಿಸಿದರೆ ಹಣ ಕೊಡುತ್ತೇವೆಂದು ಕೊಳ್ಳುವವರ ಬ್ಯಾಂಕು ಕೊಡುವ ಭರವಸೆಪತ್ರ) ಇದ್ದರೆ ಸಾಕೇ? ಎರಡೂ ಸರ್ಕಾರಗಳ ನಡುವೆ ವ್ಯಾಪಾರ ಒಪ್ಪಂದ ಇದ್ದರೆ ಸಣ್ಣ ವ್ಯಾಪಾರಿಗೆ ಅದರಿಂದ ಏನಾದರೂ ಬಲ ಬರುತ್ತದೆಯೇ? ಬಲ್ಲವರು ತಿಳಿಸಿ.

ಕಾಗದಪತ್ರ:
ಎಲ್‌ಸಿ ಅರ್ಧ ಉತ್ತರ ಅಷ್ಟೇ. ಗಿರಾಕಿಯ ಮಾತಿನ ಜಾಗದಲ್ಲಿ ಬ್ಯಾಂಕಿನ ಮಾತು ಬಂದು ಕೂರುತ್ತೆ. ಆದರೆ ಬ್ಯಾಂಕು ನೋಡೋದು ಕಾಗದ, ಮಾಲಲ್ಲ. 2007ರ ಜುಲೈ 1ರಿಂದ ಜಾರಿಯಲ್ಲಿರುವ, ಎಲ್‌ಸಿಗಳಿಗೆ ಬ್ಯಾಂಕುಗಳು ಅನುಸರಿಸೋ ಅಂತರರಾಷ್ಟ್ರೀಯ ಯುಸಿಪಿ 600 ನಿಯಮಗಳ 5ನೇ ವಿಧಿ ಇದನ್ನೇ ಹೇಳುತ್ತೆ. ಕಾಗದ ಸರಿಯಿದ್ದರೆ ಕಳಪೆ ಮಾಲಿಗೂ ಹಣ ಹೋಗುತ್ತೆ, ಕಾಗದ ತಪ್ಪಿದರೆ ಒಳ್ಳೇ ಮಾಲಿನ ಹಣವೂ ನಿಲ್ಲುತ್ತೆ.

ಕೊಳ್ಳುವವರು ಎಲ್‌ಸಿ ತೆರೆಯೋಕೆ ಮುಂಚೆಯೇ ಮಾರುವವರು ಅದರ ಕರಡು ತರಿಸಿಕೊಂಡು ಸಾಲು ಸಾಲಾಗಿ ಓದಬೇಕು. ತೆರೆದ ಮೇಲೆ ತಿದ್ದುಪಡಿ ಅಂದರೆ ಖರ್ಚು, ಕಾಯೋದು ಎರಡೂ. ಹೆಚ್ಚಾಗಿ ಎಡವೋದು ಪ್ರಮಾಣದಲ್ಲಿ. ಎಲ್‌ಸಿಯಲ್ಲಿ “50 ಟನ್” ಅಂತಿದ್ದರೆ 5% ಹೆಚ್ಚುಕಮ್ಮಿ ನಡೆಯುತ್ತೆ, ಒಟ್ಟು ಬಿಲ್ಲು ಎಲ್‌ಸಿ ಮೊತ್ತ ದಾಟದಿದ್ದರೆ ಸಾಕು. ಅದೇ ಮಾಲನ್ನು “1,000 ಚೀಲ” ಅಂತ ಬರೆಸಿದರೆ ಆ ಸಡಿಲ ಇಲ್ಲ. 1,002 ಚೀಲ ಹತ್ತಿಸಿದರೂ ತಕರಾರೇ. “ಸುಮಾರು” ಅನ್ನೋ ಪದ ಪ್ರಮಾಣದ ಹಿಂದೆ ಸೇರಿಸಿದರೆ 10%ವರೆಗೆ ಜಾಗ ಸಿಗುತ್ತೆ. ಒಂದೇ ಪದ, ಆದರೆ ಕರಡಿನ ಹಂತದಲ್ಲೇ ಸೇರಬೇಕು.

ಉಳಿದವು: ಇನ್‌ವಾಯ್ಸಿನ ಮಾಲಿನ ವಿವರಣೆ ಎಲ್‌ಸಿಯ ವಿವರಣೆಗೆ ಹೊಂದಬೇಕು. ವಿಮೆ ಬೇಕು ಅಂದಿದ್ದು ಎಷ್ಟಕ್ಕೆ ಅಂತ ಹೇಳದಿದ್ದರೆ ಸಿಐಎಫ್ ಅಥವಾ ಸಿಐಪಿ, ಅಂದರೆ ಸಾಗಣೆ ಮತ್ತು ವಿಮೆ ಸೇರಿದ ಬೆಲೆಯ ಕನಿಷ್ಠ 110%ಕ್ಕೆ ಇರಬೇಕು. ಬೇರೆ ಗಡುವು ಬರೆದಿಲ್ಲದಿದ್ದರೆ ರವಾನೆಯಾದ 21 ದಿನದೊಳಗೆ, ಎಲ್‌ಸಿ ಅವಧಿ ಮುಗಿಯುವ ಮೊದಲೇ ದಾಖಲೆ ಒಪ್ಪಿಸಬೇಕು. ಪರಿಶೀಲನೆಗೆ ಬ್ಯಾಂಕಿಗೆ ಹೆಚ್ಚೆಂದರೆ 5 ಬ್ಯಾಂಕಿಂಗ್ ದಿನ.

ತೆರೆದ ಬ್ಯಾಂಕಿನ ಮೇಲೋ ಆ ದೇಶದ ವಿದೇಶಿ ವಿನಿಮಯದ ಸ್ಥಿತಿಯ ಮೇಲೋ ಅನುಮಾನ ಇದ್ದರೆ ಕನ್ಫರ್ಮ್ ಆದ ಎಲ್‌ಸಿ ಕೇಳಿ. ಆಗ ಇನ್ನೊಂದು ಬ್ಯಾಂಕೂ ಪಾವತಿಯ ಹೊಣೆ ಹೊರುತ್ತೆ. ಶುಲ್ಕ ಯಾರದು ಅಂತ ಮೊದಲೇ ಬರೆಸಿಕೊಳ್ಳಿ.

ಬಂದರುಕಟ್ಟೆ:
ಮೇಲಿನದು ಮಾರುವವರ ಕಡೆಯ ಮಾತಾಯಿತು. ಕೊಳ್ಳುವವರ ರಕ್ಷಣೆ ಇರುವುದು ತಪಾಸಣಾ ಪ್ರಮಾಣಪತ್ರದಲ್ಲಿ. ಮೂರನೆಯ ಸಂಸ್ಥೆಯೊಂದು, ಹಡಗಿಗೆ ಹತ್ತಿಸುವ ಮೊದಲು, ಯಾವ ಮಾನದಂಡದ ಪ್ರಕಾರ, ಎಷ್ಟು ಮಾದರಿ ತೆಗೆದು ನೋಡಬೇಕು ಎಂಬುದನ್ನು ಎಲ್‌ಸಿಯಲ್ಲೇ ಬರೆಸಿ. ಒಪ್ಪಿದ ಮಾದರಿಯನ್ನು ಮೂರು ಪಾಲು ಮಾಡಿ ಮೊಹರು ಹಾಕಿ: ಕೊಳ್ಳುವವರಿಗೊಂದು, ಮಾರುವವರಿಗೊಂದು, ತಪಾಸಕರಿಗೊಂದು. “ಬಣ್ಣ ಬೇರೆ ಬಂದಿದೆ” ಎಂಬ ಜಗಳ ಬಂದ ದಿನ ಆ ಮೂರನೆಯ ಪೊಟ್ಟಣವೇ ಸಾಕ್ಷಿ.

ಆದರೆ “ಪ್ರಮಾಣಪತ್ರಕ್ಕೆ ಕೊಳ್ಳುವವರ ಪ್ರತಿನಿಧಿ ಸಹಿ ಹಾಕಬೇಕು” ಎಂಬ ಷರತ್ತನ್ನು ಮಾರುವವರು ಒಪ್ಪಬಾರದು. ಬೆಲೆ ಕುಸಿದ ವಾರ ಆ ಪ್ರತಿನಿಧಿ ಸಿಗುವುದೇ ಇಲ್ಲ, ಎಲ್‌ಸಿ ಕೈಯಲ್ಲಿದ್ದೂ ಹಣ ಬರುವುದಿಲ್ಲ.

ಇನ್ನು “ಸಣ್ಣ ಸಣ್ಣ ರವಾನೆಯಿಂದ ಶುರುಮಾಡಿ” ಎಂಬ ಬುದ್ಧಿಮಾತು ಎಲ್ಲೆಡೆ ಸಿಗುತ್ತದೆ. ಅರ್ಧ ಸರಿ. ಮೂರು ಸಣ್ಣ ಬಿಲ್ಲು ಚುರುಕಾಗಿ ಕಟ್ಟಿ, ನಾಲ್ಕನೆಯದಕ್ಕೆ ಹತ್ತು ಪಟ್ಟು ಮಾಲನ್ನು ಸಾಲದ ಮೇಲೆ ತರಿಸಿಕೊಂಡು ಮಾಯವಾಗುವುದು ಹಳೇ ಆಟ. ಪ್ರಮಾಣ ಏರಿದಾಗ ಭದ್ರತೆಯೂ ಏರಬೇಕು.

ಕಡಲಾಚೆ:
ಬ್ಯಾಂಕಿನಿಂದ ಬಂದ ಎಂಟಿ799 ಸಂದೇಶದ ಪ್ರತಿ ತೋರಿಸಿ “ಹಣ ಸಿದ್ಧವಿದೆ, ಮಾಲು ಹತ್ತಿಸಿ” ಎಂದರೆ?

ಕಾಗದಪತ್ರ:
ಹತ್ತಿಸಬೇಡಿ. ಎಂಟಿ799 ಬ್ಯಾಂಕುಗಳು ಮುಕ್ತವಾಗಿ ಬರೆಯೋ ಸಂದೇಶ, ಅದು ಎಲ್‌ಸಿ ಅಲ್ಲ. ಬ್ಯಾಂಕುಗಳ ಸಂದೇಶ ಜಾಲವಾದ ಸ್ವಿಫ್ಟ್‌ನಲ್ಲಿ ಎಲ್‌ಸಿ ತೆರೆಯೋದು ಎಂಟಿ700ರಲ್ಲಿ, ತಿದ್ದುಪಡಿ ಎಂಟಿ707ರಲ್ಲಿ. ಅದೂ ನಿಮ್ಮ ಕಡೆಯ ಬ್ಯಾಂಕು ಅಸಲಿಯೋ ಅಂತ ನೋಡಿ ನಿಮಗೆ ತಿಳಿಸಬೇಕು. ಗಿರಾಕಿ ಇಮೇಲಿನಲ್ಲಿ ಕಳಿಸಿದ ಪಿಡಿಎಫ್‌ಗೆ ಬೆಲೆ ಇಲ್ಲ.

ರಾಯಸ:
ಎರಡನೇ ಪ್ರಶ್ನೆಗೆ ಬರೋಣ. ವ್ಯಾಪಾರ ಒಪ್ಪಂದ ಸರ್ಕಾರಗಳ ನಡುವಿನದು. ಡಬ್ಲ್ಯೂಟಿಒದಲ್ಲಿ (ವಿಶ್ವ ವ್ಯಾಪಾರ ಸಂಸ್ಥೆ) ದಾವೆ ಹೂಡುವವರು ಸದಸ್ಯ ಸರ್ಕಾರಗಳು, ವ್ಯಾಪಾರಿಯಲ್ಲ. ಅಲ್ಲಿನ ಮೇಲ್ಮನವಿ ಮಂಡಳಿಯೂ 2019ರ ಡಿಸೆಂಬರಿನಿಂದ ಹೊಸ ಮೇಲ್ಮನವಿ ಕೇಳುವ ಸ್ಥಿತಿಯಲ್ಲಿಲ್ಲ. ಹಾಗಾಗಿ ಒಪ್ಪಂದವನ್ನು ನೆಚ್ಚಿಕೊಂಡು ಪಾವತಿಯ ಭದ್ರತೆ ಸಡಿಲಿಸಬೇಡಿ.

ಕೈಗೆಟಕುವ ಲಾಭ ಬೇರೆ ಕಡೆ ಇದೆ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ಡಬ್ಲ್ಯೂಟಿಒದ ವ್ಯಾಪಾರ ಸುಗಮ ಒಪ್ಪಂದದಲ್ಲಿ ಮುಂಗಡ ನಿರ್ಣಯದ ವ್ಯವಸ್ಥೆ ಇದೆ. ಮಾಲು ಯಾವ ಸುಂಕ ಶೀರ್ಷಿಕೆಗೆ ಬರುತ್ತದೆ, ಮೂಲ ಯಾವ ದೇಶವೆಂದು ಪರಿಗಣಿಸುತ್ತಾರೆ ಎಂಬುದನ್ನು ರವಾನೆಗೆ ಮೊದಲೇ ಆಮದು ಮಾಡಿಕೊಳ್ಳುವ ದೇಶದ ಕಸ್ಟಮ್ಸ್‌ನಿಂದ ಬರವಣಿಗೆಯಲ್ಲಿ ಪಡೆಯಬಹುದು, ಅದಕ್ಕೆ ಅವರು ಬದ್ಧರು. ಬಂದರಿನಲ್ಲಿ ಮಾಲು ಕೊಳೆಯುವ ಜಗಳಗಳಲ್ಲಿ ಬಹಳಷ್ಟು ಇಲ್ಲೇ ತೀರುತ್ತವೆ.

ವ್ಯಾಜ್ಯಕ್ಕೆ ಕೋರ್ಟಿಗಿಂತ ಮಧ್ಯಸ್ಥಿಕೆಯೇ (ಆರ್ಬಿಟ್ರೇಶನ್) ಲೇಸು. ಒಂದು ದೇಶದ ಕೋರ್ಟಿನ ತೀರ್ಪನ್ನು ಇನ್ನೊಂದರಲ್ಲಿ ಜಾರಿ ಮಾಡಿಸುವುದು ಕಷ್ಟ. ಮಧ್ಯಸ್ಥಿಕೆಯ ತೀರ್ಪಿಗಾದರೆ 1958ರ ನ್ಯೂಯಾರ್ಕ್ ಒಡಂಬಡಿಕೆ ಇದೆ, 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಷರತ್ತಿನಲ್ಲಿ ಸಂಸ್ಥೆ, ಪೀಠದ ಊರು, ಮಧ್ಯಸ್ಥಗಾರರ ಸಂಖ್ಯೆ, ನಡಾವಳಿಯ ಭಾಷೆ, ಅನ್ವಯಿಸುವ ಕಾನೂನು ಐದೂ ಇರಲಿ. ಸಂಸ್ಥೆಯ ಹೆಸರನ್ನು ನೆನಪಿನಿಂದ ಬರೆದು ಇಲ್ಲದ ಸಂಸ್ಥೆಯನ್ನು ನೇಮಿಸಿದ ಕರಾರುಗಳೂ ಇವೆ. ಮಧ್ಯಸ್ಥಿಕೆ ಶುರುವಾಗುವ ಮೊದಲು ಅದರ ಅರ್ಥಕ್ಕೇ ಒಂದು ವ್ಯಾಜ್ಯ.

ಭಾಷೆಯ ವಿಷಯವನ್ನು ಹಗುರವಾಗಿ ನೋಡಬೇಡಿ. 1889ರಲ್ಲಿ ಇಟಲಿ, ಇಥಿಯೋಪಿಯಾ ಮಾಡಿಕೊಂಡ ವುಚಾಲೆ ಒಪ್ಪಂದದ 17ನೇ ವಿಧಿಯ ಅಮ್ಹಾರಿಕ್ ಪಾಠದಲ್ಲಿ ಚಕ್ರವರ್ತಿ ಮೆನೆಲಿಕ್ ವಿದೇಶ ವ್ಯವಹಾರಕ್ಕೆ ಇಟಲಿಯ ನೆರವು “ಪಡೆಯಬಹುದು” ಎಂದಿತ್ತು. ಇಟಾಲಿಯನ್ ಪಾಠ ಅದನ್ನು ಕಡ್ಡಾಯ ಮಾಡಿತ್ತು, ಇಟಲಿ ಅದನ್ನೇ ಹಿಡಿದು ಇಥಿಯೋಪಿಯಾ ತನ್ನ ರಕ್ಷಿತ ರಾಜ್ಯ ಎಂದಿತು. ಮೆನೆಲಿಕ್ ಒಪ್ಪಂದವನ್ನೇ ತಿರಸ್ಕರಿಸಿದರು. ಕೊನೆಗೆ 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಟಲಿಯ ಸೈನ್ಯ ಸೋತಿತು.

ಕರಾರು ಎರಡು ಭಾಷೆಯಲ್ಲಿದ್ದರೆ, ಪಾಠಭೇದ ಬಂದಾಗ ಯಾವುದು ನಡೆಯುತ್ತದೆ ಎಂಬ ಒಂದು ಸಾಲು ಎರಡರಲ್ಲೂ ಇರಲಿ. ಸಹಿಗೆ ಮೊದಲು ಎರಡನೆಯ ಪಾಠವನ್ನು, ಮೂಲ ನೋಡಿರದ ಒಬ್ಬರಿಂದ ಮೊದಲ ಭಾಷೆಗೆ ಮರಳಿ ಅನುವಾದಿಸಿ, “ಬಹುದು”, “ತಕ್ಕದ್ದು” ಇರುವ ಸಾಲುಗಳನ್ನು ಮಾತ್ರವಾದರೂ ಪಕ್ಕಪಕ್ಕ ಇಟ್ಟು ಓದಿ.