ಶರಾವತಿಯ ಹಿನ್ನೀರು ಮತ್ತು ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು: ಎರಡು ದಿನ ಕಯಾಕ್ ಮತ್ತು ಕಾರಿನಲ್ಲಿ ಹೋಗಿಬರಲು ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನಾನು ಮತ್ತು ನನ್ನ ತಮ್ಮ ಕಳೆದ ವರ್ಷ ಗಾಳಿ ತುಂಬಿಸಿ ಬಳಸುವ, ಇಬ್ಬರು ಕೂರಬಹುದಾದ ಒಂದು ಕಯಾಕ್ ಕೊಂಡೆವು. ಇದುವರೆಗೆ ಅದನ್ನು ನಿಂತ ನೀರಿನಲ್ಲಿ ಮಾತ್ರ ಬಳಸಿದ್ದೇವೆ. ಇಬ್ಬರಿಗೂ ಈಜು ಬರುತ್ತದೆ, ಜೀವರಕ್ಷಕ ಜಾಕೆಟ್‌ಗಳಿವೆ. ಡಿಸೆಂಬರ್‌ನ ಒಂದು ವಾರಾಂತ್ಯದಲ್ಲಿ ಶುಕ್ರವಾರ ರಾತ್ರಿ ಹೊರಟು ಸಾಗರ ತಲುಪಿ, ಶನಿವಾರ ಹೊನ್ನೆಮರಡುವಿನಿಂದ ಲಿಂಗನಮಕ್ಕಿ ಹಿನ್ನೀರನ್ನು ದಾಟಿ ತುಮರಿಯ ಕಡೆಗೆ ಹೋಗಿಬರಬೇಕು, ಭಾನುವಾರ ಮಲೆಮನೆ ಘಟ್ಟ ಇಳಿದು ಗೇರುಸೊಪ್ಪೆಯಲ್ಲಿ ಕಯಾಕ್ ಇಳಿಸಿ ಸಂಜೆಯೊಳಗೆ ಹೊನ್ನಾವರ ಸೇರಬೇಕು ಎಂಬುದು ನಮ್ಮ ಯೋಜನೆ. ಜೋಗದ ಮೇಲೆ ಮತ್ತು ಜೋಗದ ಕೆಳಗೆ ಒಂದೇ ಹೊಳೆಯ ಎರಡು ರೂಪಗಳನ್ನು ನೀರಿನ ಮೇಲಿಂದಲೇ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ.

ನಮ್ಮದು ಸಾಮಾನ್ಯ ಸಣ್ಣ ಕಾರು. ಒಳರಸ್ತೆಗಳಲ್ಲಿ ಅದು ಹೋಗಬಲ್ಲದೇ? ಕಾರನ್ನು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ದಡ ಸೇರಿದರೆ ವಾಪಸು ಬರುವುದು ಹೇಗೆ? ಈ ಯೋಜನೆಯಲ್ಲಿ ತಪ್ಪುಗಳಿದ್ದರೆ ದಯವಿಟ್ಟು ನೇರವಾಗಿ ತಿಳಿಸಿ.

ಉತ್ತರ 1 (ಕರೂರು ಹೋಬಳಿಯಿಂದ)

ನಿಮ್ಮ ಆಸೆ ಒಳ್ಳೆಯದೇ, ಆದರೆ ಹೊನ್ನೆಮರಡುವಿನಿಂದ ತುಮರಿಯ ಕಡೆಗೆ ದಾಟುವ ಯೋಚನೆಯನ್ನು ಬಿಡಿ. ನಕ್ಷೆಯಲ್ಲಿ ಅದು ಒಂದು ನೀಲಿ ಪಟ್ಟಿಯಂತೆ ಕಾಣುತ್ತದೆ, ಎದುರಿಗೆ ನಿಂತಾಗ ಮಾತ್ರ ಅದರ ಅಗಲ ಗೊತ್ತಾಗುತ್ತದೆ. ನಡುವೆ ಕಾಣುವ ಹಸಿರು ದಿಬ್ಬಗಳನ್ನು ಪ್ರವಾಸಿಗರು ನಡುಗಡ್ಡೆ ಎನ್ನುತ್ತಾರೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲು ಅವು ನಮ್ಮ ಅಜ್ಜಂದಿರು ದನ ಮೇಯಿಸುತ್ತಿದ್ದ ಗುಡ್ಡಗಳ ನೆತ್ತಿಗಳು. ಅವುಗಳ ಬುಡದಲ್ಲಿ ಗದ್ದೆ, ತೋಟ, ಮನೆ, ದೇವಸ್ಥಾನಗಳಿದ್ದವು. ಮುಳುಗಡೆಯಾದ ನೆಲದ ಮೇಲೆ ನೀವು ಸಾಗುತ್ತಿರುತ್ತೀರಿ ಎಂಬುದು ನೆನಪಿನಲ್ಲಿದ್ದರೆ ನೋಡುವ ನೋಟವೇ ಬದಲಾಗುತ್ತದೆ.

ಈ ಮಾತನ್ನು ಸುರಕ್ಷತೆಯ ದೃಷ್ಟಿಯಿಂದಲೂ ಹೇಳುತ್ತಿದ್ದೇನೆ. ನೀರು ತುಂಬಿದಾಗ ಮರಗಳು ನಿಂತಲ್ಲೇ ಮುಳುಗಿದವು, ಅವುಗಳ ಕೊರಡುಗಳು ಇಂದಿಗೂ ಕೊಳೆಯದೆ ಉಳಿದಿವೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಮಳೆಗಾಲ ಮುಗಿದ ಹೊಸತರಲ್ಲಿ ಕೊರಡುಗಳು ಆಳದಲ್ಲಿರುತ್ತವೆ. ವಿದ್ಯುತ್ತಿಗಾಗಿ ನೀರು ಇಳಿಯುತ್ತಾ ಹೋದಂತೆ ಅವುಗಳ ತುದಿಗಳು ಮೇಲ್ಮೈಯ ಗೇಣುದ್ದ ಕೆಳಕ್ಕೆ ಬಂದು ನಿಲ್ಲುತ್ತವೆ. ಕಣ್ಣಿಗೆ ಕಾಣುವ ಕೊರಡಿಗಿಂತ ಕಾಣದ ಕೊರಡೇ ಗಾಳಿ ತುಂಬಿದ ಕಯಾಕಿಗೆ ಅಪಾಯ. ಆದ್ದರಿಂದ ಹೊರಡುವ ವಾರದ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ, ಇಳಿಯುವ ಮೊದಲು ದಡದ ಮೀನುಗಾರರನ್ನು ತಪ್ಪದೆ ವಿಚಾರಿಸಿ.

ತುಮರಿಗೆ ಕಾರಿನಲ್ಲಿ ಬನ್ನಿ. ಆವಿನಹಳ್ಳಿಯ ಮೂಲಕ ಅಂಬಾರಗೋಡ್ಲಿಗೆ ಬಂದರೆ ಅಲ್ಲಿಂದ ಕಳಸವಳ್ಳಿಗೆ 2025ರ ಜುಲೈನಲ್ಲಿ ಉದ್ಘಾಟನೆಯಾದ ಸೇತುವೆಯಿದೆ. ನಾವು ದಶಕಗಳ ಕಾಲ ಲಾಂಚಿಗಾಗಿ ಕಾದ ಜಾಗವದು. ಹೆರಿಗೆ ನೋವು ಬಂದವರನ್ನೂ ಲಾಂಚಿನಲ್ಲೇ ದಾಟಿಸಬೇಕಾಗಿತ್ತು. ಆ ಸೇತುವೆಯ ಮೇಲೆ ವೇಗವಾಗಿ ಹೋಗಬೇಡಿ. ತುಮರಿ, ಬ್ಯಾಕೋಡು ದಾಟಿ ಕೋಗಾರಿನ ಕಡೆಗೆ ಹೋಗುವ ರಸ್ತೆ ದಟ್ಟ ಕಾಡಿನದು. ಸಣ್ಣ ಕಾರು ಹೋಗುತ್ತದೆ. ಪೆಟ್ರೋಲನ್ನು ಸಾಗರದಲ್ಲೇ ತುಂಬಿಸಿಕೊಳ್ಳಿ, ಮೊಬೈಲ್ ಸಂಪರ್ಕವನ್ನು ನಂಬಬೇಡಿ. ಇನ್ನೊಂದು ವಿಷಯ: ಟಾರು ರಸ್ತೆ ಬಿಟ್ಟು ಮಣ್ಣಿನ ಅಡ್ಡದಾರಿ ಹಿಡಿದರೆ ಅದು ನೇರವಾಗಿ ಇಳಿದು ನೀರಿನೊಳಗೆ ಹೊಕ್ಕುಬಿಡಬಹುದು. ಅಂಥವು ಮುಳುಗಡೆಗೆ ಮೊದಲಿನ ರಸ್ತೆಗಳು. ಅಂಚಿನ ಕೆಸರಿನವರೆಗೆ ಕಾರು ಇಳಿಸಿದರೆ ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ.

ಉತ್ತರ 2 (ಶಿವಮೊಗ್ಗದಿಂದ)

ಹಿಂದಿನವರು ಹೇಳಿದ್ದೆಲ್ಲವೂ ನಿಜ. ನಾನು ಗಾಳಿಯ ವಿಷಯವನ್ನು ಸೇರಿಸುತ್ತೇನೆ. ಹಿನ್ನೀರು ಬೆಳಿಗ್ಗೆ ಎಣ್ಣೆ ಸುರಿದಂತೆ ನುಣ್ಣಗಿರುತ್ತದೆ. ನಮ್ಮನ್ನು ಮೋಸಗೊಳಿಸುವುದು ಆ ಹೊತ್ತೇ. ನಾಲ್ಕು ವರ್ಷದ ಹಿಂದೆ ನಾನೂ ನನ್ನ ಗೆಳೆಯನೂ ಅಂಥದೇ ಒಂದು ಬೆಳಿಗ್ಗೆ ಹೊರಟು, ದಿಬ್ಬದಿಂದ ದಿಬ್ಬಕ್ಕೆ ಹೋಗುತ್ತಾ ಮೈಮರೆತೆವು. ಮಧ್ಯಾಹ್ನ ಎರಡರ ನಂತರ ಪಡುವಣದಿಂದ ಗಾಳಿ ಎದ್ದಿತು. ಗಾಳಿ ತುಂಬಿದ ಕಯಾಕ್ ನೀರಿನಲ್ಲಿ ಮುಳುಗುವುದು ಸ್ವಲ್ಪವೇ, ಮೇಲಿರುವುದೇ ಹೆಚ್ಚು. ಗಾಳಿಗೆ ಅದು ಒಣಗಿದ ಎಲೆಯಿದ್ದಂತೆ. ಹುಟ್ಟು ಹಾಕುವುದನ್ನು ಒಂದು ಕ್ಷಣ ನಿಲ್ಲಿಸಿದರೂ ಮೂತಿ ತಿರುಗಿ ಹಿಂದಕ್ಕೆ ಸರಿಯುತ್ತಿತ್ತು. ಬರುವಾಗ ಮುಕ್ಕಾಲು ಗಂಟೆ ಹಿಡಿದ ದೂರಕ್ಕೆ ಹಿಂತಿರುಗುವಾಗ ಮೂರು ಗಂಟೆ ಹಿಡಿಯಿತು. ಗೆಳೆಯನ ಅಂಗೈಯ ಬೊಬ್ಬೆಗಳು ಒಡೆದು ಹುಟ್ಟಿನ ಹಿಡಿಯೆಲ್ಲ ಅಂಟಂಟಾಗಿತ್ತು. ದಡ ಸೇರಿದಾಗ ಕತ್ತಲಾಗಿತ್ತು, ನಮ್ಮಲ್ಲಿ ಒಂದು ಟಾರ್ಚೂ ಇರಲಿಲ್ಲ.

ಹಾಗಾಗಿ ಶನಿವಾರ ಬೆಳಿಗ್ಗೆ ಆರೂವರೆಗೆ ನೀರಿಗಿಳಿದು ಹನ್ನೊಂದರೊಳಗೆ ದಡಕ್ಕೆ ಬನ್ನಿ. ದಡಕ್ಕೆ ಒತ್ತಿಕೊಂಡೇ ಹೋಗಿ. ಹಿನ್ನೀರು ಕಾಡಿನೊಳಕ್ಕೆ ಕೈ ಚಾಚಿದಂತೆ ನುಗ್ಗಿರುವ ಕಿರಿದಾದ ಕವಲುಗಳಲ್ಲೇ ಹಕ್ಕಿಗಳು, ನೆರಳು, ನಿಶ್ಶಬ್ದ ಎಲ್ಲವೂ ಇರುವುದು. ಹೊನ್ನೆಮರಡುವಿನಲ್ಲಿ ಜಲಸಾಹಸ ತರಬೇತಿ ನಡೆಸುವವರಿದ್ದಾರೆ, ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಹಿನ್ನೀರಿನ ಹಲವು ದಡಗಳು ಶರಾವತಿ ಕಣಿವೆ ವನ್ಯಜೀವಿಧಾಮಕ್ಕೆ ಸೇರಿದವು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ದಿಬ್ಬಗಳ ಮೇಲೆ ಇಳಿದು ಬೆಂಕಿ ಹಾಕುವುದು, ರಾತ್ರಿ ಉಳಿಯುವುದು ಬೇಡವೇ ಬೇಡ.

ಮಧ್ಯಾಹ್ನದ ಹೊತ್ತನ್ನು ಕಾರಿಗೆ ಇಟ್ಟುಕೊಳ್ಳಿ. ಜೋಗ ದಾಟಿ ಮಲೆಮನೆ ಘಟ್ಟ ಇಳಿಯುವಾಗ ರಸ್ತೆ ಬದಿಯಲ್ಲಿ ಸಿಂಗಳೀಕಗಳು ಕಾಣಬಹುದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಈ ಪ್ರಾಣಿ ಮರದಿಂದ ಮರಕ್ಕೆ ಹಾರಿ ಬದುಕುವಂಥದ್ದು. ಪ್ರವಾಸಿಗರು ಎಸೆಯುವ ಬಾಳೆಹಣ್ಣು, ಚಿಪ್ಸಿಗೆ ಟಾರಿನ ಮೇಲೆ ಇಳಿಯುವುದನ್ನು ಕಲಿತಿದೆ, ತಿರುವಿನಲ್ಲಿ ಬರುವ ಲಾರಿ ಅದಕ್ಕೆ ಗೊತ್ತಾಗುವುದಿಲ್ಲ. ದಯವಿಟ್ಟು ಏನನ್ನೂ ಕೊಡಬೇಡಿ. ಕಾರು ನಿಲ್ಲಿಸದೆ ನಿಧಾನವಾಗಿ ಮುಂದೆ ಹೋಗಿ.

ಉತ್ತರ 3 (ಹೊನ್ನಾವರದಿಂದ)

ಭಾನುವಾರದ ಬಗ್ಗೆ ನಾನು ಹೇಳುತ್ತೇನೆ. ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ರಸ್ತೆಯಲ್ಲೇ ಸುಮಾರು 30 ಕಿ.ಮೀ. ಇದೆ, ನಿಂತ ನೀರಿನ ಅಭ್ಯಾಸವಷ್ಟೇ ಇರುವ ಇಬ್ಬರಿಗೆ ಅದು ಒಂದು ದಿನದ ಮಾತಲ್ಲ. ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ, ಅಲ್ಲಿ ಯಂತ್ರ ಚಾಲೂ ಮಾಡಿದರೆ ಮಳೆಯಿಲ್ಲದ ದಿನವೂ ಕೆಳಗಿನ ಹೊಳೆ ಏರುತ್ತದೆ. ಅಣೆಕಟ್ಟಿನ ಕೆಳಗಿನ ಬಂಡೆಗಳ ಹತ್ತಿರ ಕಯಾಕ್ ಇಳಿಸಬೇಡಿ. ಗೇರುಸೊಪ್ಪೆಯಲ್ಲಿ ಹೊಳೆಯಾಚೆಯ ಕಾಡಿನ ನಡುವಿನ ಚತುರ್ಮುಖ ಬಸದಿಯನ್ನು ನೋಡಿಕೊಂಡು ಬನ್ನಿ. ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಿಗೂ ಪರಿಚಿತಳಾಗಿದ್ದ ರಾಣಿ ಚೆನ್ನಭೈರಾದೇವಿ ಆಳಿದ ನೆಲವದು.

ನೀರಿಗೆ ಮಾತ್ರ ಕೆಳಗೆ, ಕಾಂಡ್ಲಾ ಕಾಡಿಗೆ ಬನ್ನಿ. ಇಲ್ಲಿ ನೀವು ಪಾಲಿಸಬೇಕಾದದ್ದು ಗಡಿಯಾರವನ್ನಲ್ಲ, ಉಬ್ಬರ ಇಳಿತವನ್ನು. ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನೀರು ಏರುತ್ತದೆ, ಅಷ್ಟೇ ಹೊತ್ತು ಇಳಿಯುತ್ತದೆ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಇದನ್ನು ಪಂಚಾಂಗದ ತಿಥಿ ನೋಡಿಯೇ ಹೇಳುವವರಿದ್ದಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಹತ್ತಿರ ಮಂದ. ನಿಮ್ಮಂಥವರಿಗೆ ಅಷ್ಟಮಿಯ ಹತ್ತಿರದ ಭಾನುವಾರವೇ ಸರಿ. ಉಬ್ಬರ ಪೂರ್ತಿಯಾಗಲು ಎರಡು ಗಂಟೆ ಇರುವಾಗ ಒಳಕ್ಕೆ ಹೊರಡಿ. ಏರುವ ನೀರು ನಿಮ್ಮನ್ನು ತಾನೇ ಒಯ್ಯುತ್ತದೆ. ನೀರು ನಿಂತ ಕೂಡಲೇ ತಿರುಗಿ. ಹೊತ್ತು ಮೀರಿದರೆ ಕಾಲುವೆಯ ನೀರು ಬರಿದಾಗಿ, ಸೊಂಟದವರೆಗೆ ಹೂಳುವ ಕೆಸರಿನ ನಡುವೆ ಮುಂದಿನ ಉಬ್ಬರದವರೆಗೆ ಕೂರಬೇಕಾಗುತ್ತದೆ.

ಒಳಗೆ ಹೋದಾಗ ಬೇರುಗಳನ್ನು ಹಿಡಿದು ಕಯಾಕ್ ನಿಲ್ಲಿಸಬೇಡಿ. ಅವಕ್ಕೆ ಅಂಟಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ; ಕೈಗೂ ಕೆಟ್ಟದ್ದು, ನಿಮ್ಮ ಕಯಾಕಿನ ರಬ್ಬರಿಗೂ ಕೆಟ್ಟದ್ದು. ಆದರೆ ಒಂದು ಮರದ ಕೆಳಗೆ ಸುಮ್ಮನೆ ತೇಲುತ್ತಾ ಮೇಲೆ ನೋಡಿ. ನುಗ್ಗೆಕಾಯಿಯ ತುಂಡಿನಂತೆ ಜೋತಾಡುವ ಹಸಿರು ಕೋಲುಗಳು ಕಾಣುತ್ತವೆ. ಕಾಂಡ್ಲಾದ ಬೀಜ ತಾಯಿಮರದ ಮೇಲೆಯೇ ಮೊಳೆತು ಹೀಗೆ ಉದ್ದವಾಗಿ ಬೆಳೆಯುತ್ತದೆ. ನೀರು ಇಳಿದ ಹೊತ್ತಿನಲ್ಲಿ ಕಳಚಿದರೆ ಚೂಪಾದ ತುದಿ ಕೆಸರಿಗೆ ನಾಟಿಕೊಂಡು ಅಲ್ಲೇ ಗಿಡವಾಗುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲಿಕೊಂಡು ಬೇರೆ ದಡ ಹುಡುಕುತ್ತದೆ.

ಬಲೆ ಕಟ್ಟಿದ ಗೂಟಗಳಿಂದ ದೂರವಿರಿ, ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುವವರು ಕಂಡರೆ ನೀರು ಕಲಕದಂತೆ ಸುತ್ತಿಕೊಂಡು ಹೋಗಿ; ಅದು ಅವರ ಅಂದಿನ ಅನ್ನ. ಹೆದ್ದಾರಿ ಸೇತುವೆಯಿಂದ ಪಡುವಣಕ್ಕೆ ಎಂದಿಗೂ ಹೋಗಬೇಡಿ. ಇಳಿತದ ಸೆಳೆತ ಅಲ್ಲಿಂದ ನೇರ ಸಮುದ್ರಕ್ಕೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ತುಮರಿಗೆ ನೀರಿನಲ್ಲಿ ದಾಟುವುದನ್ನೂ ಗೇರುಸೊಪ್ಪೆಯಿಂದ ತೇಲಿ ಬರುವುದನ್ನೂ ಕೈಬಿಟ್ಟೆವು. ಎರಡೂ ದಿನ ಇಳಿದ ಕಡೆಗೇ ಹಿಂತಿರುಗುವುದರಿಂದ ಕಾರಿನ ಸಮಸ್ಯೆಯೂ ಉಳಿಯಲಿಲ್ಲ. ಪಂಚಾಂಗ ನೋಡಿ, ಅಷ್ಟಮಿಗೆ ಹತ್ತಿರದ ಭಾನುವಾರಕ್ಕೆ ಪ್ರಯಾಣವನ್ನು ಒಂದು ವಾರ ಮುಂದೂಡಿದ್ದೇವೆ. ಒಂದೇ ಸಂದೇಹ: ಕಾಂಡ್ಲಾ ಕಾಡಿಗೆ ಕಯಾಕ್ ಇಳಿಸಲು ಯಾವ ಕಡೆ ಅನುಕೂಲ?

ಉತ್ತರ 3ರವರು

ಕಾಸರಕೋಡಿನ ಕಡೆಗೆ ಬನ್ನಿ. ಅಲ್ಲಿ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನೊಳಗೆ ಮರದ ಕಾಲುದಾರಿ ಮಾಡಿದೆ. ಮೊದಲು ಅದರ ಮೇಲೆ ನಡೆದು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿಕೊಳ್ಳಿ, ಆಮೇಲೆ ಹತ್ತಿರದಲ್ಲಿ ದೋಣಿಯವರನ್ನು ಕೇಳಿದರೆ ಇಳಿಸುವ ಜಾಗ ತೋರಿಸುತ್ತಾರೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನು ಅವರಿಗೆ ಹೇಳಿಯೇ ನೀರಿಗಿಳಿಯಿರಿ. ಬಂದ ಮೇಲೆ ಬಂದೆವೆಂದು ಹೇಳಲು ಮರೆಯಬೇಡಿ, ಇಲ್ಲವಾದರೆ ಅವರು ಹುಡುಕಲು ಹೊರಡುತ್ತಾರೆ.